ಜೋಳದ ಕೂಲಿ ಬಿಡಿಸಿದ ವರ್ಷ

ಜೋಳ ಬ್ಯಾಡ, ರೊಕ್ಕ ಕೊಡ್ರಿ ಅಂತ ನಮ್ಮ ಓಣಿ ಹೆಣ್ಮಕ್ಕಳ ತಲಿ ಕೆಡಿಸಿದಾಕಿ ನಾನ. ಇದನ್ನ ಮದಲ ಹೇಳಿಬಿಡ್ತೀನಿ. ಆಮ್ಯಾಲ ಯಾರರ ಬಂದು, "ಊರ ಮಂದಿ ಸುದ್ದಿ ಎಲ್ಲಾ ಹೇಳಿದ್ಳು, ತನ್ನ ತಪ್ಪು ಮಾತ್ರ ಸೆರಗಿನ್ಯಾಗ ಮುಚ್ಚಿಟ್ಳು" ಅನಬಾರದು. ಆವಾಗ ನನಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಎಪ್ಪತ್ತರ ದಶಕ ಇನ್ನೂ ಅರ್ಧ ಆಗಿರಲಿಲ್ಲ. ಮಾನ್ವಿಯಾಗ ಹುಟ್ಟಿ, ಏಳನೇತ್ತ ಓದಿ, ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡಿ ಒಂದು ಹಳ್ಳಿಗೆ ಸೊಸಿಯಾಗಿ ಬಂದಿದ್ದೆ. ಏಳನೇತ್ತ ಓದಿದಾಕಿ ಅಂದ್ರ ಆ ಓಣ್ಯಾಗ ವಕೀಲ ಇದ್ದಂಗ. ನನಗೂ ಹಂಗ ಅನಿಸಿತ್ತು, ಅದ ನನ್ನ ಗ್ರಹಚಾರ.

ನಮಗ ಹೊಲ ಇರಲಿಲ್ಲ. ನನ್ನ ಗಂಡ ರಾಯಚೂರ ಗಂಜಿನ್ಯಾಗ, ಅಂದ್ರ ಕಾಳಿನ ಮಾರ್ಕೆಟ್ಟಿನ್ಯಾಗ, ಹಮಾಲಿ ಮಾಡ್ತಿದ್ದ. ಹದಿನೈದು ದಿನಕ್ಕೊಮ್ಮೆ ಬರಾಂವ, ಎರಡು ದಿನ ಇರಾಂವ, ಬೆನ್ನಿಗೆ ಎಣ್ಣಿ ತಿಕ್ಕಿಸ್ಕೊಂಡು ಹೊಳ್ಳಿ ಹೋಗಾಂವ. ಊರಾಗ ನಾನು, ನನ್ನ ಅತ್ತಿ, ಒಂದು ಹೆಣ್ಣು ಕೂಸು. ನಾವು ಅತ್ತಿ ಸೊಸಿ ಇಬ್ಬರೂ ಗೌಡ್ರ ಹೊಲಕ್ಕ ಕೂಲಿಗೆ ಹೋಗ್ತಿದ್ವಿ.

ಅತ್ತಿ ಅಂದ್ರ ಬರೇ ಅತ್ತಿ ಅಲ್ಲ, ನಮ್ಮ ಸಾಲಿನ ಯಜಮಾನಿ. ಸಾಲು ಅಂದ್ರ ಹೊಲದಾಗ ಒಟ್ಟಿಗೆ ಬಗ್ಗಿ ಕಸ ತಗಿಯೋ ಹೆಣ್ಮಕ್ಕಳ ಗುಂಪು. ನಾವು ಹನ್ನೊಂದು ಮಂದಿ ಇದ್ವಿ. ಅತ್ತಿ ಮದಲನೇ ಸಾಲು ಹಿಡೀತಿದ್ಳು, ಉಳಿದವ್ರು ಆಕಿ ಎಡಕ್ಕ ಒಬ್ಬೊಬ್ಬರಾಗಿ. ಆಕಿ ಎಷ್ಟು ಜೋರು ಹೋದ್ರ ನಾವೂ ಅಷ್ಟ. ಆಕಿನ್ನ ದಾಟಿ ಯಾರೂ ಮುಂದ ಹೋಗಂಗಿಲ್ಲ. ಅರವತ್ತು ಮುಟ್ಟಿದ ಹೆಣ್ಮಗಳು, ಸೊಂಟ ಹಿಡಿದಿತ್ತು, ಹಿಂಗಾಗಿ ನಮ್ಮ ಸಾಲು ಬಂಡಿ ಎತ್ತಿನಂಗ ಸಾವಕಾಶ ಹೋಗ್ತಿತ್ತು. ಬಸುರಿದ್ದಾಕಿ ಇರಲಿ, ಬಾಣಂತನ ಮುಗಿಸಿ ಬಂದಾಕಿ ಇರಲಿ, ಜ್ವರದಾಗ ಎದ್ದು ಬಂದಾಕಿ ಇರಲಿ, ಯಾರೂ ಹಿಂದ ಉಳೀತಿರಲಿಲ್ಲ. ಕೂಲಿ ಎಲ್ಲರಿಗೂ ಒಂದ ಅಳತಿ, ದಿನಕ್ಕ ಎರಡು ಸೇರು ಜೋಳ. ಗೌಡ್ರಿಗೆ ಆ ಸಾವಕಾಶ ಕಂಡ್ರೂ ಸುಮ್ಮಿರ್ತಿದ್ರು. ಯಾಕಂದ್ರ ಮಾತು ಆಗಿರ್ತಿತ್ತು.

ಆ ಮಾತು ಆಗೋದು ವರ್ಷಕ್ಕೊಮ್ಮೆ, ಉಗಾದಿ ದಿನ. ಬೇವು ಬೆಲ್ಲ ತಿಂದು ಅತ್ತಿ ಗೌಡ್ರ ಕಟ್ಟಿ ಮುಂದ ಹೋಗಿ ನಿಲ್ತಿದ್ಳು. ಈ ಉಗಾದಿಯಿಂದ ಆ ಉಗಾದಿ ತನಕ ನಮ್ಮ ಸಾಲು ನಿಮ್ಮ ಹೊಲ ಬಿಟ್ಟು ಹೋಗಂಗಿಲ್ಲ, ನೀವು ನಮ್ಮ ಸಾಲು ಬಿಟ್ಟು ಬ್ಯಾರೇದವ್ರನ್ನ ಕರಿಯಂಗಿಲ್ಲ. ಕಾಗದ ಇಲ್ಲ, ಸಹಿ ಇಲ್ಲ. ಅತ್ತಿ ಬಾಯಿಂದ ಬಂದ್ರ ಹನ್ನೊಂದು ಮಂದಿ ಬಾಯಿಂದ ಬಂದಂಗ. ಮೂವತ್ತು ವರ್ಷ ಆಕಿ ಹಂಗ ಮಾತು ಕೊಟ್ಟಿದ್ಳು, ಒಂದು ವರ್ಷನೂ ತಪ್ಪಿರಲಿಲ್ಲ. ಆ ಮುದುಕಿಗೆ ಹೊಲ ಇಲ್ಲ, ಬಂಗಾರ ಇಲ್ಲ, ಇದ್ದದ್ದು ಸಾಲಿನ್ಯಾಗ ಮದಲನೇ ಜಾಗ ಒಂದ. ಅದು ಆಕಿ ಕೈ ತಪ್ಪೋ ಹಂಗ ಮಾಡಿದಾಕಿ ನಾನು.

ಯಾಕ ಮಾಡಿದೆ? ಹೊಟ್ಟಿಗಿಲ್ಲಂತ ಅಲ್ಲ. ಖರೇ ಹೇಳಬೇಕಂದ್ರ ಒಂದು ಸಾಬೂನಿನ ಸಲುವಾಗಿ.

ಸಂಜಿಗೆ ಕೂಲಿ ಜೋಳ ಉಡ್ಯಾಗ ಕಟ್ಕೊಂಡು ಮನಿಗೆ ಬಂದ್ರ ಅತ್ತಿ ಇಬ್ಬರದೂ ಕೂಡಿಸಿ ಮಣ್ಣಿನ ದೊಡ್ಡ ಗಡಿಗ್ಯಾಗ ಸುರೀತಿದ್ಳು. ಮುಗೀತು, ಅದು ಮನಿ ಜೋಳ. ನನಗ ಏನರ ಬೇಕಂದ್ರ ಆಕಿನ್ನ ಕೇಳಿ, ಒಂದು ಬೊಗಸಿ ಇಸ್ಕೊಂಡು ಅಂಗಡಿಗೆ ಹೋಗಬೇಕು. ಅಂಗಡಿಯಾಂವ ಜೋಳದಾಗ ಕೈಯಾಡಿಸಿ, "ಮಣ್ಣು ಬಾಳ ಅದಲ್ಲವ್ವಾ" ಅಂತ ಮೂಗು ಮುರೀತಿದ್ದ. ಪರಿಮಳದ ಸಾಬೂನು ಕೇಳಿದ್ರ, "ಇದಕ್ಕ ಜೋಳ ನಡಿಯಂಗಿಲ್ಲ, ರೊಕ್ಕ ತರಬೇಕು" ಅಂದ. ನಾಕು ಮಂದಿ ಮುಂದ ಅಂದ. ಮಾನ್ವಿಯಾಗ ನನ್ನ ತವರುಮನಿ ಕಡಿ ಹೆಣ್ಮಕ್ಕಳು ನೋಟು ಮಡಚಿ ಕುಪ್ಪಸದಾಗ ಇಟ್ಕೊಂಡು ಓಡಾಡ್ತಿದ್ರು. ನಾನು ಮಾತ್ರ ಏಳನೇತ್ತ ಓದಿ ಉಡ್ಯಾಗ ಜೋಳ ಕಟ್ಕೊಂಡು ತಿರುಗಬೇಕಾ? ಆ ದಿನ ಸಿಟ್ಟು ನೆತ್ತಿಗೇರಿತ್ತು.

ಅವತ್ತಿಂದ ಹೊಲದಾಗ ಬಗ್ಗಿದಲ್ಲೆ ಶುರು ಹಚ್ಕೊಂಡೆ. "ಏ, ಜೋಳ ಈಗ ಸೋವಿ ಅದ. ಎರಡು ಸೇರು ಮಾರಿದ್ರ ಏನು ಬರ್ತದ? ಅದರ ಬದಲಿ ಬ್ಯಾರೆ ಊರಾಗ ಕೊಡೋ ರೊಕ್ಕದ ಕೂಲಿ ಕೇಳಿದ್ರ ಎರಡು ಸೇರಿನ ಮ್ಯಾಲ ಒಂದು ಪಾವು ಹೆಚ್ಚಿಗಿ ಕೊಳ್ಳಬಹುದು. ಬಳಿ ಇಡಸ್ಕೋರಿ, ಎಣ್ಣಿ ತರ್ರಿ, ಯಾರನ್ನ ಕೇಳಬೇಕಾಗ್ಯದ?" ಲೆಕ್ಕ ಸರಿ ಇತ್ತು. ಆ ತಿಂಗಳ ಮಟ್ಟಿಗೆ ಸರಿ ಇತ್ತು. ಮಗ್ಗಲ ಮನಿಯಾಕಿ ಇದ್ಳು, ಐದು ಮಕ್ಕಳ ತಾಯಿ, ಗಂಡ ತೀರಿಕೊಂಡಿದ್ದ, ಬಾಯಿ ಅಂದ್ರ ಕತ್ತರಿ. ಆಕಿ ಮದಲು ಹೂಂ ಅಂದ್ಳು. "ಮಾನ್ವಿ ಸೊಸಿ ಹೇಳೋದು ಖರೇ ಅದ. ನಾನೂ ಒಮ್ಮೆ ನೋಟು ಎಣಿಸಿ ಸಾಯ್ತೀನಿ." ಆಕಿ ಹೂಂ ಅಂದ ಮ್ಯಾಲ ಉಳಿದವ್ರನ್ನ ಹಿಡಿಯೋರು ಯಾರು?

ಅತ್ತಿ ಒಬ್ಬಾಕಿ ಒಪ್ಪಲಿಲ್ಲ. ಬೈಲಿಲ್ಲ, ಕಸ ತಗಿಯೋ ಕುರ್ಪಿ ಮಣ್ಣು ಕೆರಕೋತ ಇಷ್ಟ ಅಂದ್ಳು: "ರೊಕ್ಕ ಕುದಿಸಿದ್ರ ಅಂಬಲಿ ಆಗಂಗಿಲ್ಲ ಬೇ."

ನಾನು ನಕ್ಕೆ. ಎಲ್ಲರೂ ನಕ್ರು. ಹಳೇ ಮಂದಿ ಮಾತು ಅನಕೊಂಡ್ವಿ. ಅತ್ತಿಗೆ ಒಂದು ಗುಣ ಇತ್ತು: ಸಾಲಿನ ಹತ್ತು ಮಂದಿ ಒಂದು ಕಡಿ ನಿಂತ್ರ ಆಕಿ ತನ್ನ ಮಾತು ನುಂಗ್ತಿದ್ಳು. "ನಿಮ್ಮ ಹೊಟ್ಟಿ, ನಿಮ್ಮ ಕೂಲಿ. ನನಗೇನು, ಹೋಗಿ ಕೇಳ್ತೀನಿ" ಅಂದ್ಳು. ಉಗಾದಿ ದಿನ ಹೊಸಾ ಕುಪ್ಪಸ ತೊಟ್ಟು ನಾನೂ ಹಿಂದ ಹೋದೆ. ಗೌಡ್ರು ಕಟ್ಟಿ ಮ್ಯಾಲ ಕುಂತು ಎಲಿಗೆ ಸುಣ್ಣ ಹಚ್ಚಾಕತ್ತಿದ್ರು. ಕೆಟ್ಟ ಮನಷ್ಯಾ ಅಲ್ಲ, ಅದನ್ನೂ ಹೇಳಬೇಕು. ನಮ್ಮ ಮಾತು ಕೇಳಿ ಸುಣ್ಣದ ಬಟ್ಟು ಹಂಗ ಹಿಡಕೊಂಡು ನಮ್ಮನ್ನ ನೋಡಿದ್ರು.

"ವರ್ಷಾನಗಟ್ಲೆ ಒಂದ ರೇಟಿನ್ಯಾಗ ರೊಕ್ಕ ಅಂತೀರೇನು? ಜೋಳ ಬ್ಯಾಡಾ?"

"ಬ್ಯಾಡ್ರಿ" ಅಂದೆ ನಾನು. ಅತ್ತಿಗಿಂತ ಮದಲು ನಾನ ಅಂದೆ.

ಗೌಡ್ರು ಅತ್ತಿ ಕಡಿ ನೋಡಿದ್ರು. "ನೀ ಏನಂತೀಯವ್ವಾ? ಮಾತು ನಿಂದು."

"ಆಗಲ್ರಿ. ಆ ಉಗಾದಿ ತನಕ ರೊಕ್ಕ" ಅಂದ್ಳು ಅತ್ತಿ. ಮಾತು ಆಗಿಹೋತು.

ಎರಡು ಮೂರು ತಿಂಗಳು ನನ್ನಂಥಾ ಶಾಣ್ಯಾಕಿ ಆ ತಾಲೂಕಿನ್ಯಾಗ ಇರಲಿಲ್ಲ. ವಾರಕ್ಕೊಮ್ಮೆ ಗೌಡ್ರ ಕೈಯಿಂದ ನೋಟು ಬೀಳ್ತಿದ್ವು. ಅತ್ತಿ ತನ್ನ ಪಾಲು ತಾನ ಇಟ್ಕೊಂಡ್ಳು, ನನ್ನದು ನನಗ ಬಿಟ್ಳು. ನಾನು ಸಾಬೂನು ತಂದೆ. ಮಗ್ಗಲ ಮನಿಯಾಕಿ ಮಕ್ಕಳಿಗೆ ಅಂಗಿ ಹೊಲಿಸಿದ್ಳು, ಓಣಿ ತುಂಬ ತೋರಿಸಿಕೊಂಡು ಬಂದ್ಳು. ಹೊಲದಾಗ ನಾನು ಬಗ್ಗಿದ್ರ ಸಾಬೂನಿನ ವಾಸನಿ ನನಗ ಬರ್ತಿತ್ತು. ಏನು ಹೇಳ್ಲಿ, ಇವತ್ತಿಗೂ ಆ ಸುಖ ಸುಳ್ಳು ಅಂತ ಅನಿಸಂಗಿಲ್ಲ.

ಆಮ್ಯಾಲ ತುಟ್ಟಿ ಬಂತು. ರೇಡಿಯೋದಾಗ ಓದಿದವ್ರು ಅದಕ್ಕ ಹಣದುಬ್ಬರ ಅಂತಾರ. ಆ ಶಬ್ದ ನಾ ಎಷ್ಟೋ ವರ್ಷದ ಮ್ಯಾಲ ರಾಯಚೂರಿಗೆ ಬಂದು ಕಲ್ತೆ. ನಮ್ಮ ಕಡಿ ಇರೋದು ಒಂದ ಮಾತು, ತುಟ್ಟಿ. ಉಬ್ಬೋದು ಗಿಬ್ಬೋದು ನಾವು ಯಾರೂ ಕಾಣಲಿಲ್ಲ, ಗಡಿಗಿ ತಳ ಕಂಡ್ವಿ.

ಸುದ್ದಿ ಮದಲು ತಂದಾಂವ ನನ್ನ ಗಂಡ. ಕಾರಹುಣ್ಣಿವಿಗೆ ಬಂದಾಗ, "ಗಂಜಿನ್ಯಾಗ ಜೋಳದ ಧಾರಣಿ ದಿನಾ ಏರಾಕತ್ತದ. ಚೀಲದ ಭಾರ ಅಷ್ಟ ಅದ, ರೇಟು ಮಾತ್ರ ನಿನ್ನಿದು ಇವತ್ತಿಲ್ಲ" ಅಂದ. ನಾನು ಅಷ್ಟು ಕಿವಿಗೆ ಹಾಕ್ಕೊಳ್ಳಲಿಲ್ಲ. ಮುಂದಿನ ಸಲ ಬಂದಾಗ ನಗನಗತಾ ಬಂದ. ಹಮಾಲರೆಲ್ಲ ಕೂಡಿ ಎರಡು ದಿನ ಚೀಲ ಮುಟ್ಟದ ಕುಂತ್ರಂತ, ವ್ಯಾಪಾರಸ್ಥರು ಚೀಲಕ್ಕಿಷ್ಟು ಅಂತ ಹೆಚ್ಚಿಗಿ ಮಾಡಿದ್ರಂತ.

"ಹಂಗಾರ ನಾವೂ ಕುಂತ್ರಾತು" ಅಂದೆ.

"ನಾವು ಕುಂತ್ರ ಲಾರಿ ನಿಂತಬಿಡ್ತದ ಹುಚ್ಚಿ. ನೀವು ಕುಂತ್ರ ಏನು ನಿಲ್ತದ? ಕಸ ನಾಳೆ ತಗದ್ರೂ ನಡೀತದ, ನಾಡದ ತಗದ್ರೂ ನಡೀತದ" ಅಂದ. ಮಾತು ಖಾರ ಇತ್ತು, ಆದ್ರ ಸುಳ್ಳಿರಲಿಲ್ಲ.

ಶ್ರಾವಣ ಬರೋದ್ರಾಗ ನಮ್ಮ ದಿನದ ಕೂಲಿಗೆ ಒಂದು ಸೇರು ಜೋಳ ಬರೋದೂ ಕಷ್ಟ ಆತು. ಅದ ಅಂಗಡಿಯಾಂವ, ಹಿಂದ ಮೂಗು ಮುರಿದಾಂವ, ಈಗ "ಜೋಳ ಇದ್ರ ತರ್ರವ್ವಾ, ಏನು ಬೇಕು ಅದು ಕೊಡ್ತೀನಿ" ಅನ್ನಾಕತ್ತ. ಎಲ್ಲಿಂದ ತರಬೇಕು ಜೋಳ? ಜೋಳ ಬ್ಯಾಡಂತ ಅಂದು ಬಂದಿದ್ವಿ. ಅತ್ತಿ ಗಡಿಗ್ಯಾಗಿನ ಹಳೇ ಜೋಳ ಮುಗೀತು. ನಮ್ಮ ಮನಿಯಾಗ ರೊಟ್ಟಿ ತೆಳ್ಳಗಾತು, ಆಮ್ಯಾಲ ದಿನಕ್ಕ ಒಂದಾತು, ಆಮ್ಯಾಲ ಅಂಬಲಿ. ಮಗ್ಗಲ ಮನಿಯಾಕಿ ಮಕ್ಕಳು ಹೊಸಾ ಅಂಗಿ ತೊಟ್ಟು ಹಸಗೊಂಡು ಕುಂತಿರ್ತಿದ್ವು. ಆಕಿ ಒಂದು ದಿನ ಹೊಲದಾಗ ಕುರ್ಪಿ ಒಗದು ನನ್ನ ಮುಂದ ಬಂದು ನಿಂತ್ಳು.

"ಏನವ್ವಾ ವಕೀಲಿ, ಸಾಬೂನು ಇನ್ನೂ ಉಳದದೇನು? ಉಳದಿದ್ರ ಕೊಡು, ಮಕ್ಕಳಿಗೆ ಅದನ್ನ ಕಲಸಿ ಉಣಸ್ತೀನಿ."

ಆಕಿ ಒಗದ ಕುರ್ಪಿ ಎತ್ತಿ ಆಕಿ ಕೈಗೆ ಕೊಟ್ಟೆ. ಯಾರೂ ನನ್ನ ಕೂಡ ಮಾತಾಡಲಿಲ್ಲ ಅವತ್ತು. ಅತ್ತಿ ಒಬ್ಬಾಕಿ, "ಬಾ ಬೇ, ಬಿಸಲು ಏರಾಕತ್ತದ, ಸಾಲು ಹಿಡಿ" ಅಂದ್ಳು. ನಾ ಹೇಳಿದ್ನಲ್ಲ ಅಂತ ಒಂದು ಸಲ ಅಂದಿದ್ರೂ ನನಗ ಹಗುರ ಆಗ್ತಿತ್ತು. ಅನಲಿಲ್ಲ. ಅದಕ್ಕ ಆಕಿ ಮ್ಯಾಲ ಇನ್ನಷ್ಟು ಸಿಟ್ಟು ಬಂತು.

ಅತ್ತಿ ಗೌಡ್ರ ಹತ್ರ ಹೋದ್ಳು. ನಾನೂ ಹೋದೆ, ಈ ಸಲ ಬಾಯಿ ಮುಚ್ಚಿಕೊಂಡು.

"ಯಪ್ಪಾ, ಕೂಲಿ ಹೊಳ್ಳಿ ಜೋಳ ಮಾಡ್ರಿ. ಎರಡು ಸೇರು ಬ್ಯಾಡ, ಒಂದೂವರಿ ಕೊಡ್ರಿ" ಅಂದ್ಳು.

ಗೌಡ್ರು ಎಲಿ ಚೀಲ ಬದಿಗೆ ಸರಿಸಿದ್ರು. "ಜೋಳ ಬ್ಯಾಡಂತ ನಾ ಅಂದ್ನೇನವ್ವಾ? ನೀವ ಕೇಳಿದ್ರಿ. ಜೋಳ ಸೋವಿ ಆಗಿದ್ರ ನೀವು ಬಂದು ರೊಕ್ಕ ಕಡಿಮಿ ಮಾಡ್ರಿ ಅಂತಿದ್ರೇನು?"

"ಇಲ್ರಿ."

"ಮತ್ತ?"

ಅತ್ತಿ ನೆಲ ನೋಡಿದ್ಳು. "ಮಾತು ಮಾತ ರೀ" ಅಂದು ಹೊಳ್ಳಿದ್ಳು. ನನಗ ಮೈಯೆಲ್ಲ ಉರಿ. ಗೌಡ್ರ ಮ್ಯಾಲೂ ಉರಿ, ಈ ಮುದುಕಿ ಅಷ್ಟಕ್ಕ ಸುಮ್ಮ ಆದಳಲ್ಲ ಅಂತ ಆಕಿ ಮ್ಯಾಲೂ ಉರಿ. ನೆಲದಾಗ ತೋಡಿದ ಗೌಡ್ರ ಹಗೇವು ತುಂಬ ಜೋಳ ಇತ್ತು, ಒಂದೊಂದು ಚೀಲ ಗಂಜಿಗೆ ಹೋದಂಗೆಲ್ಲ ಅದಕ್ಕ ಬೆಲಿ ಏರ್ತಿತ್ತು. ಮಾತು ಮುರಿಯೋದು ಅವ್ರಿಗೆ ಬೇಕಾಗಿರಲಿಲ್ಲ. ನಮಗ ಬೇಕಾಗಿತ್ತು, ಆದ್ರ ನಮ್ಮ ಯಜಮಾನಿ ಒಪ್ಪತಿರಲಿಲ್ಲ.

ಅದ ಹೊತ್ತಿಗೆ ಮಾನ್ವಿ ಕಡಿ ನೆಲ್ಲು ಹಚ್ಚೋ ಕೆಲಸ ಶುರು ಆಗಿತ್ತು. ನೆಲ್ಲು ಅಂದ್ರ ಭತ್ತ, ಹಚ್ಚೋದು ಅಂದ್ರ ನಾಟಿ. ಕಾಲುವಿ ನೀರು ಬಂದ ಮ್ಯಾಲ ಅಲ್ಲಿ ಆಂಧ್ರದಿಂದ ಬಂದ ರೈತರು ಕ್ಯಾಂಪು ಹಾಕ್ಕೊಂಡು ಗದ್ದಿ ಮಾಡ್ತಿದ್ರು. ಅವ್ರದ್ದು ಬ್ಯಾರೆ ರೀತಿ. ವರ್ಷದ ಮಾತಿಲ್ಲ, ತಿಂಗಳ ಮಾತೂ ಇಲ್ಲ. ಮುಂಜಾನಿ ಗದ್ದಿ ಬದುವಿನ ಮ್ಯಾಲ ನಿಂತು ಎಕರೆಗೆ ಇಷ್ಟು ಅಂತ ಗುತ್ತಿಗಿ ಮಾತಾಡ್ಕೋಬೇಕು, ಸಂಜಿಗೆ ರೊಕ್ಕ ಇಸ್ಕೋಬೇಕು, ನಾಳೆ ಹೊಳ್ಳಿ ಹೊಸಾ ರೇಟು. ಜೋಳ ತುಟ್ಟಿ ಆದ್ರ ಮರುದಿನ ಎಕರೆ ರೇಟೂ ಏರಿಸಿ ಕೇಳಬಹುದು. ನನ್ನ ತವರಿನಾಕಿ ಒಬ್ಬಳು ಸಂತ್ಯಾಗ ಸಿಕ್ಕು ಇದೆಲ್ಲ ಹೇಳಿದ್ಳು. ನಾನು ಓಡಿಬಂದು ಸಾಲಿಗೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಅತ್ತಿ ಮುಖ ನೋಡಿದ್ರು.

"ಉಗಾದಿ ಇನ್ನೂ ಏಳು ತಿಂಗಳು ಅದ" ಅಂದ್ಳು ಅತ್ತಿ.

"ಏಳು ತಿಂಗಳು ನನ್ನ ಮಕ್ಕಳು ಕಾಯಂಗಿಲ್ಲ ಯವ್ವಾ" ಅಂದ್ಳು ಮಗ್ಗಲ ಮನಿಯಾಕಿ. ಬೈಲಿಲ್ಲ ಆಕಿ, ಅತ್ತಳು. ಕತ್ತರಿ ಬಾಯಿಯಾಕಿ ಅಳೋದು ನಾ ಅದ ಮದಲು ನೋಡಿದ್ದು.

ಅತ್ತಿ ಒಂದು ದಿನ ವಿಚಾರ ಮಾಡಿದ್ಳು. ಮರುದಿನ ಮುಂಜಾನಿ ಎಲ್ಲರನ್ನ ನಮ್ಮ ಮನಿ ಮುಂದ ಕರದು, "ಮಾತು ಕೊಟ್ಟಾಕಿ ನಾನು. ಬಾಯಿ ನಂದು, ನಿಮ್ಮದಲ್ಲ. ನೀವು ಹೋಗ್ರಿ. ನಾ ಇರ್ತೀನಿ" ಅಂದ್ಳು. ನನ್ನ ಕಡಿ ತಿರುಗಿ, "ನೆಲ್ಲು ಹಚ್ಚೋದು ನಿನಗ ಗೊತ್ತದ, ಇವರ್ಯಾರಿಗೂ ಗೊತ್ತಿಲ್ಲ. ಅಲ್ಲಿ ನೀನ ಯಜಮಾನಿ" ಅಂದ್ಳು. ಯಾರೋ ಹಿಂದ ನಿಂತಾಕಿ, "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ" ಅಂತ ನಗಾಡಿದ್ಳು. ಅತ್ತಿನೂ ನಕ್ಕಳು. ನಾನು ನಕ್ಕೆ ಅಂದ್ರ ಸುಳ್ಳಾಗ್ತದ. ಒಳಗ ಹಿಗ್ಗಿದ್ದೆ.

ಸಣ್ಣ ಕೂಸುಗೋಳ್ನ ಕಟ್ಕೊಂಡು, ಸಿರವಾರದಾಗ ಬಸ್ಸು ಬದಲಿ ಮಾಡಿ ಮಾನ್ವಿಗೆ ಹೋದ್ವಿ. ಗದ್ದಿ ಅಂದ್ರ ನಾ ಹುಟ್ಟಿದ ನೆಲ, ಅಲ್ಲಿ ನನ್ನ ಕಾಲು ನೆಟ್ಟಗ ನಿಂತ್ವು. ಕ್ಯಾಂಪಿನ ರೈತ ಬಂದು ಎಕರೆಗೆ ಎಷ್ಟು ಅಂತ, "ಎಕರಾಕು ಎಂತ?" ಅಂದ್ರ ನಾನು ತೆಲುಗಿನ್ಯಾಗ ರೇಟು ಹೇಳ್ತಿದ್ದೆ, ಅಂವ ಹಿಂದ ಸರದ್ರ ನಾವೂ ಬದುವಿನ ಮ್ಯಾಲ ಕುಂತುಬಿಡ್ತಿದ್ವಿ. ನೀರು ನಿಂತ ಗದ್ದಿ, ಕಿತ್ತಿಟ್ಟ ಸಸಿ, ಎಷ್ಟು ಹೊತ್ತು ಕಾದಾನು? ಗಂಡ ಹೇಳಿದ ಲಾರಿ ಮಾತು ಅಲ್ಲಿ ನನಗ ತಿಳೀತು. ಇಪ್ಪತ್ತು ದಿನ ಹಚ್ಚಿದ್ವಿ. ರೊಕ್ಕದ ಮ್ಯಾಲ ತಲಿಗೊಂದಿಷ್ಟು ನೆಲ್ಲೂ ಕೇಳಿ ಇಸ್ಕೊಂಡ್ವಿ. ಸುಟ್ಟ ಮ್ಯಾಲ ಬುದ್ಧಿ ಬಂದಿತ್ತು.

ಹೊಳ್ಳಿ ಬರೋವಾಗ ಊರ ದಾರ್ಯಾಗ ಗೌಡ್ರ ಹೊಲ ಕಂಡಿತು. ಹನ್ನೊಂದು ಮಂದಿ ಹಿಡೀತಿದ್ದ ಹೊಲದಾಗ ಅತ್ತಿ ಒಬ್ಬಾಕಿ ಬಗ್ಗಿದ್ಳು. ಆಕಿ ಸಾಲು ಒಂದ ಸ್ವಚ್ಛ, ಉಳದದ್ದೆಲ್ಲ ಮೊಣಕಾಲ ಮಟ ಕಸ. ನಾ ಓಡಿಹೋದೆ. "ಯಾಕತ್ತಿ, ಒಬ್ಬಾಕಿ ಇಷ್ಟು ಹೊಲ ಹ್ಯಾಂಗ ತಗೀತಿ?" ಅಂದ್ರ, ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಳು. "ಇಷ್ಟು ಹೊಲ ನಾ ಯಾಕ ತಗೀಲಿ? ನನ್ನ ಕೂಲಿಯಷ್ಟು ನಾ ತಗದೀನಿ. ನಿಮ್ಮ ಪಾಲಿನ ಕಸ ನಿಮ್ಮ ಪಾಲಿಗೆ ಬಿಟ್ಟೀನಿ" ಅಂದ್ಳು. ಅಷ್ಟು ಸೊರಗಿದ್ಳು, ಮಾತಿನ್ಯಾಗ ಮಾತ್ರ ಮಣ್ಣು ಹತ್ತಿರಲಿಲ್ಲ. ನಾ ತಂದ ನೆಲ್ಲು ಕುಟ್ಟಿ ಅನ್ನ ಮಾಡಿದ್ರ ಎರಡು ತುತ್ತು ಉಂಡು, "ಇದು ಹಬ್ಬದ ಊಟ, ದಿನದ್ದಲ್ಲ" ಅಂದ್ಳು.

ಅಂತೂ ವರ್ಷ ಕಳೀತು. ನಾವು ಹತ್ತು ಮಂದಿ ಎಲ್ಲಿ ಕೆಲಸ ಅದ ಅಲ್ಲಿಗೆ ಹೋಗಾಕತ್ವಿ, ಹತ್ತಿ ಬಿಡಿಸಾಕ ಒಂದು ಊರು, ಸೇಂಗಾ ಕೀಳಾಕ ಇನ್ನೊಂದು ಊರು. ಅತ್ತಿ ಗೌಡ್ರ ಹೊಲದಾಗ ತನ್ನ ವರ್ಷ ಮುಗಿಸಿದ್ಳು. ಉಗಾದಿ ಬಂತು. ಬೇವು ಬೆಲ್ಲ ತಿಂದು, ಹಳೇ ರೂಢಿಯಂಗ ಗೌಡ್ರ ಕಟ್ಟಿ ಮುಂದ ಹೋಗಿ ನಿಂತ್ಳು. ನಾನೂ ಹೋಗಿದ್ದೆ.

ಗೌಡ್ರು, "ಬಾರವ್ವಾ, ಕುಂದ್ರು" ಅಂದ್ರು. ಕುಂದ್ರು ಅಂತ ಆಕಿಗೆ ಯಾವತ್ತೂ ಅಂದಿರಲಿಲ್ಲ. "ಇನ್ನ ವರ್ಷದ ಮಾತು ಬ್ಯಾಡ. ನಿಮ್ಮವ್ರು ಬೇಕಂದಾಗ ಹೋಗೋದು ಕಲ್ತಾರ. ನಾನೂ ಬೇಕಂದಾಗ ಕರಿಯೋದು ಕಲೀತೀನಿ. ಕೆಲಸ ಇದ್ದ ದಿನ ಆಳು ಕಳಸ್ತೀನಿ" ಅಂದ್ರು.

ಸಿಟ್ಟಿನಿಂದ ಅನಲಿಲ್ಲ ಅವ್ರು, ಅದ ಕೆಟ್ಟದ್ದು. ಲೆಕ್ಕ ಹಾಕಿ ಅಂದ್ರು. ವರ್ಷಾನಗಟ್ಲೆ ಹನ್ನೊಂದು ಮಂದಿನ್ನ ಇಟ್ಕೊಳ್ಳೋದಕ್ಕಿಂತ ಕಸ ಎದ್ದ ಎಂಟು ದಿನ ಕರಿಯೋದು ಸೋವಿ ಅಂತ ನಾವ ಅವರಿಗೆ ಕಲಿಸಿದ್ವಿ. ಅವತ್ತಿಂದ ಮುಂಜಾನಿ ಗೌಡ್ರ ಆಳು ಓಣ್ಯಾಗ ಬಂದು ನಿಂತು ಬಟ್ಟು ಮಾಡಿ ಆರಿಸ್ತಿದ್ದ. ನೀ ಬಾ, ನೀ ಬಾ, ನೀ ಬ್ಯಾಡ. ಮುಂದ ಎಂಬತ್ತರ ದಶಕದಾಗ ನಾವು ರಾಯಚೂರಿಗೆ ಬಂದ್ವಿ. ಹತ್ತಿ ಮಿಲ್ಲಿನ ಗೇಟಿನ ಮುಂದ ನಾನು ಎಷ್ಟೋ ವರ್ಷ ಅದ ಬಟ್ಟಿನ ಮುಂದ ನಿಂತೀನಿ. ಮದಲು ನೋಡಿದ್ದು ಮಾತ್ರ ನಮ್ಮ ಓಣ್ಯಾಗ. ಹರೇದವ್ರನ್ನ, ಕೈ ಜೋರಿದ್ದವ್ರನ್ನ ಕರೀತಿದ್ರು. ಅತ್ತಿನ್ನ ಒಂದು ಸಲನೂ ಕರೀಲಿಲ್ಲ. ಆಕಿ ಮಾತ್ರ ದಿನಾ ಬೆಳಗ್ಗೆ ಕುರ್ಪಿ ಹಿಡಕೊಂಡು ನಮ್ಮ ಮನಿ ಕಟ್ಟಿ ಮ್ಯಾಲ ಕುಂದ್ರುತಿದ್ಳು. ಆಳು ದಾಟಿ ಹೋದ ಮ್ಯಾಲ ಒಳಗ ಬಂದು ಕುರ್ಪಿ ಜಂತ್ಯಾಗ ಸಿಗಿಸ್ತಿದ್ಳು. "ಇವತ್ತು ಕೆಲಸ ಕಡಿಮಿ ಇರಬೇಕು" ಅಂತಿದ್ಳು. ಗೌಡ್ರ ಹೊಲದಾಗ ಎಂಟು ಮಂದಿ ಬಗ್ಗಿದ್ದು ನಮ್ಮ ಬಾಗಲದಿಂದ ಕಾಣ್ತಿತ್ತು.

ಎರಡನೇ ಶ್ರಾವಣಕ್ಕ ಮಾನ್ವಿಗೆ ಹೊಂಟಾಗ ಅತ್ತಿ ಗಂಟು ಕಟ್ಕೊಂಡು ನಿಂತಿದ್ಳು. "ನಾನೂ ಬರ್ತೀನಿ. ಈಗ ನನ್ನ ಬಾಯಾಗ ಯಾರ ಮಾತೂ ಇಲ್ಲ" ಅಂದ್ಳು. ಬ್ಯಾಡ ಅನ್ನಾಕ ಯಾರಿಗೆ ಬಾಯಿ ಬರ್ತದ? ಕೂಸನ್ನ ಕಂಕಳಾಗ ಎತ್ಕೊಂಡು ಬಸ್ಸು ಹತ್ತಿದ್ಳು. ಸಿರವಾರದಾಗ ಬಸ್ಸು ಬದಲಿ ಮಾಡೋವಾಗ ಎಲ್ಲರಿಗೂ ಮಂಡಾಳು, ಅಂದ್ರ ಮಂಡಕ್ಕಿ, ಕೊಡಿಸಿದ್ಳು. ಬಾಳ ಖುಷಿ ಇತ್ತು ಆಕಿಗೆ.

ಗದ್ದ್ಯಾಗ ಇಳಿದ ಮ್ಯಾಲ ತಿಳೀತು. ಕಸ ತಗಿಯೋವಾಗ ಮುಂದ ಮುಂದ ಹೋಗಬೇಕು, ಸಸಿ ಹಚ್ಚೋವಾಗ ಹಿಂದ ಹಿಂದ ಬರಬೇಕು. ಮೂವತ್ತು ವರ್ಷ ಮುಂದ ಹೋದ ಕಾಲು ಕೆಸರಾಗ ಹಿಂದ ಸರಿಯಾಕ ಒಲ್ಲೆ ಅಂದ್ವು. ಎರಡು ಸಲ ಕುಂಡಿ ಮ್ಯಾಲ ಬಿದ್ಳು. "ಕೈ ಕೆಸರಾದ್ರ ಬಾಯಿ ಮೊಸರು ಅಂತಾರ, ನಂದು ಕುಂಡಿ ಕೆಸರಾಗ್ಯದ, ಇದಕ್ಕ ಏನು ಕೊಡ್ತಾರ ನೋಡೋಣು" ಅಂತ ತಾನ ನಗಸಿದ್ಳು. ಮದಲನೇ ದಿನ ಎಲ್ಲರೂ ನಕ್ರು. ಎರಡನೇ ದಿನ ಅರ್ಧ ಮಂದಿ ನಕ್ರು. ಆಕಿ ಹಿಂದ ಬಿದ್ದಲ್ಲೆ ಗದ್ದ್ಯಾಗ ಖಾಲಿ ಜಾಗ ಉಳೀತಿತ್ತು, ಆಕಿ ಮಗ್ಗಲದವ್ರು ತಮ್ಮದು ಮುಗಿಸಿ ಅದನ್ನೂ ತುಂಬಬೇಕು. ದಿನಕ್ಕ ಎರಡು ಎಕರೆ ಮುಗಿಸೋ ನಾವು ಒಂದೂವರಿಗೆ ಬಂದು ನಿಂತ್ವಿ. ಗುತ್ತಿಗಿ ರೊಕ್ಕ ಸಂಜಿಗೆ ಹನ್ನೊಂದು ಪಾಲು ಆಗ್ತಿತ್ತು. ಜೋಳ ಇನ್ನೂ ತುಟ್ಟಿ ಇತ್ತು, ಎಲ್ಲರ ಮನಿಯಾಗೂ ಬಾಯಿ ಇದ್ವು.

ಮೂರನೇ ದಿನ ಸಂಜಿಗೆ ಮಗ್ಗಲ ಮನಿಯಾಕಿ ಕಾಲುವಿ ಹತ್ರ ಕೈಕಾಲು ತೊಳಿಯೋವಾಗ ನನ್ನ ಬದಿಗೆ ಬಂದ್ಳು. ಕತ್ತರಿ ಬಾಯಿ ಅವತ್ತು ಮೆತ್ತಗಿತ್ತು. "ನಾ ಏನು ಹೇಳಾಕ ಬಂದೀನಿ ನಿನಗ ಗೊತ್ತದ. ಆಕಿ ನನಗೂ ತಾಯಿ ಇದ್ದಂಗ. ನಿನಗ ಮನಸ ಬಂದಂಗ ಮಾಡು, ಯಜಮಾನಿ ನೀನು" ಅಂದ್ಳು. ನಾನು ಮುಖಕ್ಕ ನೀರು ಹೊಡಕೊಂಡೆ. ನನ್ನ ಸಿಟ್ಟು ಎಲ್ಲಿ ಹೋಗಿತ್ತೋ, ಬೇಕಾದಾಗ ಬರಲಿಲ್ಲ. ನಮ್ಮತ್ತಿನ್ನ ಬಿಟ್ಟು ನಾ ಇಳಿಯಂಗಿಲ್ಲ, ಏನು ಮಾಡ್ಕೋತೀರಿ ಮಾಡ್ಕೋರಿ ಅಂತ ಒಂದು ಮಾತು ಒದರಬೇಕಿತ್ತು. ಅನಲಿಲ್ಲ. ಒಂದೂವರಿ ಎಕರೆ ಲೆಕ್ಕ ನಾನೂ ಹಾಕಿದ್ದೆ, ಆಕಿ ಹೇಳೋಕಿಂತ ಮದಲ ಹಾಕಿದ್ದೆ.

ಮರುದಿನ ಮುಂಜಾನಿ ನಾವು ಇಳಕೊಂಡಿದ್ದ ಗುಡಿಸಲದ ಮುಂದ ಎಲ್ಲರೂ ಗದ್ದಿಗೆ ಹೊಂಟು ನಿಂತಿದ್ರು. ಅತ್ತಿ ಸೀರಿ ಮೊಣಕಾಲ ಮ್ಯಾಲ ಎತ್ತಿ ಕಚ್ಚಿ ಹಾಕ್ಕೊಳ್ಳಾಕತ್ತಿದ್ಳು.

"ಅತ್ತಿ, ಇವತ್ತಿಂದ ನೀನು ಇಲ್ಲೆ ಇರು. ಕೂಸುಗೋಳ್ನ ನೋಡ್ಕೋ, ಅಡಗಿ ಮಾಡು. ಗದ್ದಿ ಬ್ಯಾಡ" ಅಂದೆ.

ಆಕಿ ಕೈ ನಿಂತ್ವು. ಸುತ್ತ ನಿಂತ ಒಂಬತ್ತು ಮಂದಿನ್ನ ಒಬ್ಬೊಬ್ಬರಾಗಿ ನೋಡಿದ್ಳು. ಎಲ್ಲರೂ ಬ್ಯಾರೆ ಕಡಿ ನೋಡಾಕತ್ತಿದ್ರು. ಆಮ್ಯಾಲ ನನ್ನನ್ನ ನೋಡಿದ್ಳು.

"ಇದು ಸೊಸಿ ಮಾತೋ, ಯಜಮಾನಿ ಮಾತೋ?"

ಸೊಸಿ ಮಾತು ಅಂದಿದ್ರ ಆಗ್ತಿತ್ತು. ನಿನಗ ತ್ರಾಸ ಆಗಬಾರದಂತ ಹೇಳಿದೆ ಅಂದಿದ್ರ ಆಗ್ತಿತ್ತು. ಆ ಮುದುಕಿ ಮುಂದ ಸುಳ್ಳು ಬಾಯಿಗೆ ಬರಲಿಲ್ಲ.

"ಯಜಮಾನಿ ಮಾತು" ಅಂದೆ.

"ಸೊಸಿ ಅಂದಿದ್ರ ಕಪಾಳಕ್ಕ ಎರಡು ಹಾಕಿ ಗದ್ದಿಗೆ ಇಳೀತಿದ್ದೆ" ಅಂದ್ಳು ಅತ್ತಿ. "ಯಜಮಾನಿ ಮಾತಿಗೆ ಎದುರಾಡಾಕ ಬರಂಗಿಲ್ಲ. ಮೂವತ್ತು ವರ್ಷ ನನಗ ಯಾರೂ ಎದುರಾಡಿಲ್ಲ." ಕಚ್ಚಿ ಬಿಚ್ಚಿ ಸೀರಿ ಹಿಮ್ಮಡದ ತನಕ ಇಳಿಬಿಟ್ಳು, ಒಲಿ ಮುಂದ ಹೋಗಿ ಕುಂತ್ಳು. ನಾವು ಗದ್ದಿಗೆ ಹೋದ್ವಿ.

ಅವತ್ತು ಎರಡು ಎಕರೆ ಹಚ್ಚಿದ್ವಿ, ಇನ್ನೂ ಬಿಸಲು ಇತ್ತು. ರೊಕ್ಕ ತಂದು ಗುಡಿಸಲದ ಮುಂದ ಹತ್ತು ಪಾಲು ಮಾಡಿದೆ. ಹನ್ನೊಂದು ಮಾಡು ಅಂತ ಯಾರೂ ಅನಲಿಲ್ಲ, ನಾನೂ ಮಾಡಲಿಲ್ಲ. ಅತ್ತಿ ಅದನ್ನ ನೋಡಿಕೋತ ರೊಟ್ಟಿ ಬಡಿಯಾಕತ್ತಿದ್ಳು. ಎಲ್ಲರೂ ತಾಟು ಹಿಡಿದು ಕುಂತಾಗ ಎದ್ದು ಬಂದು, "ಯಜಮಾನಿಗೆ ಮದಲು" ಅಂತ ಬಿಸಿ ರೊಟ್ಟಿ ನನ್ನ ತಾಟಿಗೆ ಹಾಕಿದ್ಳು.